ಮುಳುಗೋ ಬ್ಯಾಟ್ರಿ ತಗೋಬಹುದಾ? ಎರಡನ್ನ ಬಾವಿಗೆ ಬಿಟ್ಟು ನೋಡಿದ್ದು



ಈ ವಾರ ಬೆಳೆ ವಿಚಾರ ಅಲ್ಲ, ಬ್ಯಾಟ್ರಿ ವಿಚಾರ. ಬ್ಯಾಟ್ರಿ ಅಂದ್ರೆ ನಮ್ಮ ಕಡೆ ಟಾರ್ಚು ತಾನೆ. ಅದರೊಳಗೆ ಹಾಕೋದನ್ನ ಸೆಲ್ಲು ಅಂತ ಬರೀತೀನಿ, ಗೊಂದಲ ಆಗಬಾರದು.

ಕೆರೆ ತುಂಬಿದ ಮೇಲೆ ನಮ್ಮ ಸುತ್ತಿನ ತೆರೆದ ಬಾವಿಗಳಿಗೂ ನೀರು ಬಂದಿದೆ. ಫುಟ್‌ವಾಲ್‌ಗೆ ಕಸ ಕಟ್ಟೋದು, ಪೈಪು ಜಾರೋದು ಮತ್ತೆ ಶುರುವಾಗಿದೆ. ಹುಡುಗರು ಮೊಬೈಲಿನಲ್ಲಿ ನೋಡಿ ಚೀನಾದ ಡೈವಿಂಗ್ ಟಾರ್ಚ್ ತರಿಸ್ತಾ ಇದ್ದಾರೆ. ಇದು ಸಮುದ್ರದಲ್ಲಿ ಮುಳುಗೋರಿಗೆ ಅಂತ ಮಾಡಿದ್ದು. ಮುರ್ಡೇಶ್ವರದ ಆಚೆ ನೇತ್ರಾಣಿ ದ್ವೀಪದಲ್ಲಿ ಸ್ಕೂಬಾ ಮಾಡಿಸ್ತಾರಲ್ಲ, ಅಂಥ ಕೆಲಸಕ್ಕೆ. ಬಾವಿಗೂ ಆಗುತ್ತೆ, ರಾತ್ರಿ ಮೋಟ್ರು ಹಾಕೋಕೂ ಆಗುತ್ತೆ ಅಂತ ಲೆಕ್ಕ. ನನ್ನ ಮಗ 650 ರೂಪಾಯಿದು ಒಂದು ತಂದ. ಪಕ್ಕದ ತೋಟದವರು 850ರದು ತಂದ್ರು. ಎರಡನ್ನೂ ತಿಂಗಳು ಇಟ್ಕೊಂಡು ನೋಡಿದೆ. ಕೇಳಿದವರಿಗೆಲ್ಲ ಒಂದೇ ಸಲ ಹೇಳಿಬಿಡೋಣ ಅಂತ ಇದು.

ಮೊದಲು ಡಬ್ಬದ ಮೇಲಿನ ಬರಹ. ಮಗ ತಂದಿದ್ದರ ಮೇಲೆ 5000 ಲ್ಯೂಮೆನ್ ಅಂತಿದೆ. ಒಂದು ವ್ಯಾಟಿಗೆ ಹೆಚ್ಚುಕಮ್ಮಿ 100 ಲ್ಯೂಮೆನ್ ಅಂತ ಹಿಡಿದ್ರೂ 50 ವ್ಯಾಟ್ ಬೇಕಾಯ್ತು. ಒಳಗಿರೋದು ಒಂದೇ ಸೆಲ್ಲು, 18650 ಅನ್ನೋ ಜಾತಿದು. 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ. ಸಾಮಾನ್ಯವಾಗಿ ಸಿಗೋ ಒಳ್ಳೆ ಸೆಲ್ಲು 2000ದಿಂದ 3500 ಎಂಎಎಚ್ ಒಳಗೇ ಇರುತ್ತೆ. 2500 ಅಂತ ಹಿಡೀರಿ, 3.7 ವೋಲ್ಟಿನಿಂದ ಗುಣಿಸಿ, ಸುಮಾರು 9 ವ್ಯಾಟ್-ಅವರ್ ಆಗುತ್ತೆ. 50 ವ್ಯಾಟ್ ಎಳೆದ್ರೆ ಹತ್ತು ಹನ್ನೊಂದು ನಿಮಿಷಕ್ಕೆ ಖಾಲಿ. ಇದು ಗಂಟೆಗಟ್ಟಲೆ ಉರಿಯುತ್ತೆ ಅಂದ್ರೆ 5000 ಲ್ಯೂಮೆನ್ ಇಲ್ಲ ಅಂತಲೇ ಅರ್ಥ. ಸೆಲ್ಲಿನ ಮೇಲೆ 9900 ಎಂಎಎಚ್ ಅಂತ ಅಚ್ಚು ಹಾಕಿದ್ರೆ ಅದು ಶುದ್ಧ ಸುಳ್ಳು. ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಗಿಸಿ ನೋಡಿ. ಸರಿಯಾದ ಸೆಲ್ಲು 45 ಗ್ರಾಂ ಆಸುಪಾಸು ತೂಗುತ್ತೆ. ಮಗನ ಬ್ಯಾಟ್ರಿ ಜೊತೆ ಬಂದಿದ್ದು 31 ಗ್ರಾಂ ಬಂತು.

ಎರಡನೇದು ನೀರು. ಐಪಿಎಕ್ಸ್4 ಅಂದ್ರೆ ನೀರು ಎರಚಿದ್ರೆ ತಡೆಯುತ್ತೆ, ಅಷ್ಟೆ. ಐಪಿಎಕ್ಸ್7 ಅಂದ್ರೆ ಒಂದು ಮೀಟರ್ ಆಳದಲ್ಲಿ ಅರ್ಧ ಗಂಟೆ. ಐಪಿಎಕ್ಸ್8 ಅಂದ್ರೆ ಅದಕ್ಕಿಂತ ಆಳ, ಎಷ್ಟು ಅಂತ ಮಾಡಿದವರೇ ಬರೀಬೇಕು. ಎರಡರ ಮೇಲೂ 100 ಮೀಟರ್ ಅಂತಿತ್ತು. ನಾನು ಮೊದಲು ಬಕೆಟ್ಟಿನಲ್ಲಿ ಒಂದು ರಾತ್ರಿ ಮುಳುಗಿಸಿಟ್ಟೆ. ಎರಡೂ ಪಾಸು. ಆಮೇಲೆ ಕಲ್ಲು ಕಟ್ಟಿ, ಹಗ್ಗದಲ್ಲಿ ಬಾವಿಗೆ ಹದಿನೈದು ಅಡಿ ನೀರಿಗೆ ಬಿಟ್ಟು ಒಂದು ಗಂಟೆ ಬಿಟ್ಟು ಎಳೆದೆ. 850ರದು ಉರೀತಾನೇ ಮೇಲೆ ಬಂತು. ಮಗಂದು ಗಾಜಿನೊಳಗೆ ಹಬೆ ಕಟ್ಟಿ ಮಿಣಮಿಣ ಅಂತಿತ್ತು, ಬಿಚ್ಚಿದ್ರೆ ಒಳಗೆ ನೀರು.

ವ್ಯತ್ಯಾಸ ಬಿಚ್ಚಿದಾಗಲೇ ಕಾಣುತ್ತೆ. ಮಗಂದರಲ್ಲಿ ಮೊಬೈಲ್ ಚಾರ್ಜರ್ ಚುಚ್ಚೋ ತೂತಿದೆ, ಮೇಲೊಂದು ರಬ್ಬರ್ ಬಿರಡೆ. ನೀರು ಹೋಗಿದ್ದು ಅಲ್ಲೇ. ಪಕ್ಕದವರದರಲ್ಲಿ ತೂತೇ ಇಲ್ಲ, ಸೆಲ್ಲು ಹೊರಗೆ ತೆಗೆದು ಚಾರ್ಜ್ ಮಾಡಬೇಕು. ಮುಚ್ಚಳದ ಮರೆಗೆ ಎರಡು ರಬ್ಬರ್ ರಿಂಗ್ ಇದೆ. ಆ ರಿಂಗಿಗೆ ಒಂದು ಕೂದಲೋ, ಮರಳಿನ ಕಾಳೋ ಅಂಟಿದ್ರೂ ಸಾಕು, ನೀರು ಒಳಗೆ. ಪ್ರತಿ ಸಲ ಬಟ್ಟೆಯಲ್ಲಿ ಒರೆಸಿ, ತೆಳ್ಳಗೆ ಸಿಲಿಕೋನ್ ಗ್ರೀಸ್ ಸವರಿ ಮುಚ್ಚಬೇಕು. ಟ್ರ್ಯಾಕ್ಟರ್ ಗ್ರೀಸ್ ಹಾಕಬೇಡಿ, ಕೆಲವು ರಬ್ಬರ್ ಅದಕ್ಕೆ ಉಬ್ಬಿಕೊಳ್ಳುತ್ತೆ.

ಹಾಗಾದ್ರೆ 850ರದು ತಗೊಂಡು ರಾತ್ರಿ ಮೋಟ್ರು ಹಾಕೋಕೂ ಅದನ್ನೇ ಇಟ್ಕೋಬಹುದಾ? ಬೇಡ. ಇದಕ್ಕೆ ಎರಡು ಕಾರಣ. ನೀರಿನೊಳಗೆ ದೂರ ಹೋಗಲಿ ಅಂತ ಅದರ ಬೆಳಕು ಕೋಲಿನ ಥರ ಕಿರಿದಾಗಿದೆ. ಬದುವಿನ ಮೇಲೆ ನಡೀವಾಗ ಎದುರಿಗೆ ಐವತ್ತು ಅಡಿ ದೂರ ಚೆನ್ನಾಗಿ ಕಾಣುತ್ತೆ, ಕಾಲಿನ ಪಕ್ಕ ಕತ್ತಲೆ. ನಮಗೆ ಬೇಕಾಗಿರೋದು ಆ ಕಾಲಿನ ಪಕ್ಕದ ಒಂದೂವರೆ ಗಜ. ಎರಡನೇದು, ಅದು ಸುತ್ತಲಿನ ನೀರಿನಲ್ಲಿ ತಣ್ಣಗಾಗೋ ಲೆಕ್ಕದಲ್ಲಿ ಮಾಡಿರೋದು. ಗಾಳಿಯಲ್ಲಿ ಪೂರ್ತಿ ಬೆಳಕಿಗೆ ಇಟ್ರೆ ಹತ್ತು ನಿಮಿಷಕ್ಕೆ ಕೈಯಲ್ಲಿ ಹಿಡಿಯೋಕಾಗಲ್ಲ.

ಇದನ್ನ ಇಷ್ಟು ಬಿಡಿಸಿ ಹೇಳೋಕೆ ಕಾರಣ ಇದೆ. ಎರಡು ವರ್ಷದ ಹಿಂದೆ ನಮ್ಮ ಕೆಳಗಿನ ತೋಟದವರು ರಾತ್ರಿ ಎರಡು ಗಂಟೆ ಪಾಳಿಗೆ ಹೋಗಿದ್ರು. ನಡುದಾರಿಯಲ್ಲಿ ಬ್ಯಾಟ್ರಿ ಆರಿತು. ಇನ್ನು ನಾಲ್ಕು ಹೆಜ್ಜೆ ತಾನೆ ಅಂತ ಸ್ಟಾರ್ಟರ್ ಕಡೆ ನಡೆದ್ರು. ಕೊಳಕು ಮಂಡಲದ ಮೇಲೆ ಕಾಲಿಟ್ರು. ನಾಟಿ ಔಷಧಿ ಅಂತ ಕೂರದೆ ಮನೆಯವರು ನೇರ ಆಸ್ಪತ್ರೆಗೆ ಕರ್ಕೊಂಡು ಹೋದ್ರು, ಇಂಜೆಕ್ಷನ್ ಆಯ್ತು, ಆದ್ರೂ ಕಿಡ್ನಿಗೆ ಏಟು ಬಿದ್ದು ಡಯಾಲಿಸಿಸ್ ತನಕ ಹೋಯ್ತು. ಜೀವ ಉಳೀತು. ಆ ವರ್ಷದ ಕೊಬ್ಬರಿ ದುಡ್ಡು ಪೂರ್ತಿ ಅಲ್ಲಿಗೇ ಹೋಯ್ತು. ಈಗ ನಮ್ಮ ಮನೆಯಲ್ಲಿ ರಾತ್ರಿ ಪಾಳಿಗೆ ಹೋಗೋದು ಮಗ. ಅವನು ವಾಪಸ್ ಬಂದು ಚಿಲಕ ಹಾಕೋ ತನಕ ಅವರಮ್ಮನಿಗೆ ನಿದ್ದೆ ಇಲ್ಲ. ಅವನ ಕೈಯಲ್ಲಿರೋ ಬ್ಯಾಟ್ರಿ ಎಷ್ಟು ದೂರ ಹೋಗುತ್ತೆ ಅನ್ನೋದು ನನಗೆ ಬೇಡ, ನಡುದಾರಿಯಲ್ಲಿ ಆರಬಾರದು.

ಬಾವಿ ವಿಚಾರಕ್ಕೆ ಬರ್ತೀನಿ. ನಮ್ಮ ಬಾವಿಗೆ ಇಳಿಯೋ ಹುಡುಗನ ಕೈಗೆ 850ರದನ್ನ ಕೊಟ್ಟೆ. ಮೇಲೆ ಬಂದು ಹೇಳಿದ, "ಅಣ್ಣಾ, ಮೊದಲ ಐದು ನಿಮಿಷ ಚೆನ್ನಾಗಿ ಕಾಣುತ್ತೆ. ಕೆಸರು ಎದ್ದ ಮೇಲೆ ಬೆಳಕೆಲ್ಲ ಮುಖಕ್ಕೇ ಹೊಡೆಯುತ್ತೆ, ಆಮೇಲೆ ಕೈಯಲ್ಲೇ ತಡಕಬೇಕು." ಮಂಜಿನಲ್ಲಿ ಗಾಡಿಗೆ ಹೈ ಬೀಮ್ ಹಾಕಿದಂಗೆ. ಫುಟ್‌ವಾಲ್ ಎಲ್ಲಿದೆ, ಪೈಪಿಗೆ ಏನು ಸುತ್ತಿಕೊಂಡಿದೆ ಅಂತ ಮೊದಲು ನೋಡೋಕೆ ಅಷ್ಟು ಸಾಕು. ಹಗ್ಗ ಕಟ್ಟಿ ಬಿಟ್ಟು ಮೇಲಿಂದಲೇ ನೋಡೋದಾದ್ರೆ ಇನ್ನೂ ಒಳ್ಳೇದು.

ಒಂದು ಮಾತು ಮರೀಬೇಡಿ. ಹಿಂದಿನವರು ಬಾವಿಗೆ ಲಾಟೀನು ಇಳಿಸ್ತಿದ್ರು, ಅದು ಆರಿದ್ರೆ ಯಾರೂ ಇಳೀತಿರಲಿಲ್ಲ. ಎಲ್‌ಇಡಿ ಹಾಗಲ್ಲ, ಒಳಗೆ ಉಸಿರಾಡೋ ಗಾಳಿ ಇಲ್ಲದಿದ್ರೂ ಜೋರಾಗಿ ಉರೀತಾನೇ ಇರುತ್ತೆ. ಲಾಟೀನು ಕೂಡ ಎಲ್ಲಾ ವಿಷಗಾಳಿ ತೋರಿಸಲ್ಲ. ಹಳೇ ಬಾವಿ, ಮುಚ್ಚಿದ ಬಾವಿ, ಸೆಪ್ಟಿಕ್ ಗುಂಡಿಗೆ ಬ್ಯಾಟ್ರಿ ಇದೆ ಅಂತ ಯಾರನ್ನೂ ಇಳಿಸಬೇಡಿ. ನೀರಿರೋ ಬಾವಿಗೆ ಇಳಿಸೋ ಮುಂಚೆ ಫ್ಯೂಸ್ ಕಿತ್ತು ಜೇಬಿನಲ್ಲಿ ಇಟ್ಕೊಳ್ಳಿ.

ನನ್ನ ತೀರ್ಮಾನ ಇಷ್ಟು. ಬಾವಿ ಇದ್ದೋರು ನಾಲ್ಕು ಮನೆ ಸೇರಿ ಚಾರ್ಜಿಂಗ್ ತೂತಿಲ್ಲದ ಒಂದು ಮುಳುಗೋ ಬ್ಯಾಟ್ರಿ ತಗೊಳ್ಳಿ, ಸಾಕು. ಬಂದ ದಿನವೇ ಬಕೆಟ್ಟು, ಆಮೇಲೆ ಹಗ್ಗ ಕಟ್ಟಿ ಬಾವಿ, ಎರಡೂ ಪರೀಕ್ಷೆ ಮಾಡಿ. ವಾಪಸ್ ಕೊಡೋ ಗಡುವು ಮುಗಿಯೋ ತನಕ ಕಾಯಬೇಡಿ. ಜೊತೆಗೆ ಬಂದ ಸೆಲ್ಲು ಹಗುರ ಇದ್ರೆ ಬೇರೆ ಒಳ್ಳೇದು ಹಾಕಿ. ಉಬ್ಬಿದ ಸೆಲ್ಲು, ಒಳಗೆ ನೀರು ಹೋದ ಸೆಲ್ಲನ್ನ ಚಾರ್ಜಿಗೆ ಹಾಕಲೇಬೇಡಿ, ಬೆಂಕಿ ಹತ್ತುತ್ತೆ.

ರಾತ್ರಿ ಓಡಾಡೋಕೆ ತಲೆಗೆ ಕಟ್ಟೋ ಅಗಲ ಬೆಳಕಿನ ಲೈಟು ತಗೊಳ್ಳಿ, ಎರಡೂ ಕೈ ಖಾಲಿ ಇರುತ್ತೆ, ಒಂದರಲ್ಲಿ ಕೋಲು ಹಿಡೀಬಹುದು. ಜೊತೆಗೆ ಜೇಬಿನಲ್ಲಿ ಇನ್ನೊಂದು ಸಣ್ಣ ಬ್ಯಾಟ್ರಿ. ಸಮುದ್ರದಲ್ಲಿ ರಾತ್ರಿ ಮುಳುಗೋರೂ ಒಂದೇ ಲೈಟ್ ನಂಬಿ ಹೋಗಲ್ಲ, ಎರಡನೇದು ಇಟ್ಕೊಂಡೇ ಇಳೀತಾರೆ. ಕಾಲಿಗೆ ಗಂಬೂಟು. ಈಗ ನನ್ನ ಮಗ ಹೋಗೋದು ಹೀಗೆ. ಇವಿಷ್ಟೂ ಸೇರಿ ನಮಗೆ ಬಿದ್ದ ಖರ್ಚು ಸಾವಿರದ ಒಳಗೇ.

ಮುಂದಿನ ವಾರ ಗೇಟ್‌ವಾಲ್ ಸೋರೋ ವಿಚಾರ ಬರೀತೀನಿ.