ಒಂದೊಂದು ಉಸಿರಿಗೂ ಕಾವಲು

ಕೂಸು ಕೆಮ್ಮುತ್ತಿಲ್ಲ. ಭಯ ಹುಟ್ಟಿದ್ದೇ ಅಲ್ಲಿಂದ.

ಈಗಷ್ಟೇ ಒಂದರ ಬೆನ್ನಿಗೊಂದು ಕೆಮ್ಮು ಒತ್ತರಿಸಿ ಬಂದಿತ್ತು. ನಡುವೆ ಉಸಿರೆಳೆದುಕೊಳ್ಳಲೂ ಎಡೆಯಿರಲಿಲ್ಲ. ಮುಖ ಕೆಂಪೇರಿತು, ತುಟಿ ನೀಲಿಗಟ್ಟಿತು, ಆಮೇಲೆ ಸದ್ದೇ ಇಲ್ಲ. ಎದೆ ಏಳುತ್ತಿಲ್ಲ. ರಾಯದುರ್ಗದ ಕೋಟೆ ಬೆಟ್ಟದ ಬುಡದ ಓಣಿ, ನಡುರಾತ್ರಿ, ಮೂಲೆಯಲ್ಲಿ ಅರ್ಧ ಹೊಲಿದ ಜೀನ್ಸ್ ಪ್ಯಾಂಟುಗಳ ರಾಶಿ, ಐದು ವಾರದ ಕೂಸು, ಬಾಣಂತಿ ತಾಯಿ. ಕೂಸನ್ನು ಮುಂಗೈ ಮೇಲೆ ಮಗ್ಗುಲಾಗಿ ಹೊರಳಿಸಿ, ತಲೆ ತುಸು ತಗ್ಗಿಸುತ್ತಾಳೆ. ಅಂಟಂಟು ಲೋಳೆ ಎಳೆಯಾಗಿ ಬಾಯಿಂದ ಜಾರುತ್ತದೆ, ಸೆರಗಿನಿಂದ ಒರೆಸುತ್ತಾಳೆ. ಬೆನ್ನು ಉಜ್ಜುತ್ತಾಳೆ. ಅಂಗಾಲಿಗೆ ಬೆರಳಿಂದ ಚಿಮ್ಮುತ್ತಾಳೆ. ಇನ್ನೊಮ್ಮೆ. ಹೊಟ್ಟೆ ಅದುರಿತು. ಉಸಿರು ಬಂತು!

ಇದು ನಾಯಿಕೆಮ್ಮು. ಇದು ಬಂದ ದೊಡ್ಡ ಮಕ್ಕಳು ಕೆಮ್ಮಿನ ಕೊನೆಗೆ 'ಹೂಪ್' ಎಂದು ಜೋರಾಗಿ ಉಸಿರೆಳೆಯುತ್ತಾರೆ. ಎಳೆಗೂಸಿಗೆ ಅಷ್ಟು ಕಸುವೆಲ್ಲಿ? ಅದು ಸುಮ್ಮನೆ ಉಸಿರು ನಿಲ್ಲಿಸಿಬಿಡುತ್ತದೆ. ಕೂಸನ್ನು ನೋಡಲು ಮಡಕಶಿರದಿಂದ ಬಂದಿದ್ದ ಚಿಕ್ಕಪ್ಪನಿಗೆ ವಾರಗಟ್ಟಲೆ ಕೆಮ್ಮಿತ್ತು. ಧೂಳಿನದು ಎಂದು ಯಾರೂ ತಲೆಕೆಡಿಸಿಕೊಂಡಿರಲಿಲ್ಲ. ಅವನೇ ಕೂಸನ್ನು ಎತ್ತಿ ಮುದ್ದಾಡಿದ್ದು.

"ಬಜೆ ತೇದು ಜೇನುತುಪ್ಪದಾಗ ನೆಕ್ಕಿಸವ್ವ," ಅಜ್ಜಿ ಕೆಂಡಕ್ಕೆ ಸಾಂಬ್ರಾಣಿ ಹಾಕಲು ಎದ್ದಳು.

"ಬ್ಯಾಡವ್ವ! ಹೊಗಿ ಬ್ಯಾಡ, ಜೇನೂ ಬ್ಯಾಡ."

ತಾಯಿಯ ಹಟವೇ ಸರಿ. ಹೊಗೆಯ ಒಂದೆಳೆ ಸಾಕು, ಕೆಮ್ಮು ಮತ್ತೆ ಕೆರಳುತ್ತದೆ. ವರ್ಷ ತುಂಬದ ಕೂಸಿಗೆ ಜೇನಂತೂ ಕೂಡದು.

ಊರ ಸರ್ಕಾರಿ ಆಸ್ಪತ್ರೆಯಲ್ಲಿ ಆಕ್ಸಿಜನ್ ಹಾಕಿ, ದೊಡ್ಡಾಸ್ಪತ್ರೆಗೆ ಒಯ್ಯಿರಿ ಎಂದರು. ಜಿಲ್ಲಾ ಕೇಂದ್ರ ಅನಂತಪುರ ದೂರ. ಬಳ್ಳಾರಿ ಸುಮಾರು 50 ಕಿಲೋಮೀಟರ್. 1953ರ ಅಕ್ಟೋಬರ್ 1ರವರೆಗೆ ರಾಯದುರ್ಗ ಬಳ್ಳಾರಿ ಜಿಲ್ಲೆಯದೇ ತಾಲ್ಲೂಕು. ಆಮೇಲೆ ನಡುವೆ ರಾಜ್ಯದ ಗಡಿ ಬಿತ್ತು, ಆದರೂ ಕಾಯಿಲೆ ಕಸಾಲೆಗೆ ಅತ್ತ ಓಡುವುದು ತಪ್ಪಲಿಲ್ಲ. ಗಾಡಿ ಹೊರಟಿತು. ಡಿ. ಹಿರೇಹಾಳ್ ದಾಟಿತು. ಓಬಳಾಪುರದ ಹತ್ತಿರ ಮತ್ತೆ ಕೆಮ್ಮು, ಮತ್ತೆ ನೀಲಿ. "ಗಾಡಿ ನಿಲ್ಲಸ್ರೀ!" ಮಗ್ಗುಲು, ಲೋಳೆ, ಬೆನ್ನು, ಅಂಗಾಲು. ಉಸಿರು. "ಹೊಡೀರಿ, ಹೊಡೀರಿ!"

ಬಳ್ಳಾರಿಯಲ್ಲಿ ಕೂಸನ್ನು ಬೇರೆ ಕೋಣೆಗೆ ಹಾಕಿದರು. ನಿಜವಾದ ಕಾಳಗ ಶುರುವಾದದ್ದು ಅಲ್ಲಿ. ಅಜಿತ್ರೊಮೈಸಿನ್ ಐದು ದಿನ ಕೊಟ್ಟರೆ ರೋಗಾಣು ಸಾಯುತ್ತದೆ, ಸೋಂಕು ಹರಡುವುದು ನಿಲ್ಲುತ್ತದೆ. ಆದರೆ ಅದು ಕಾರಿದ ವಿಷ ಶ್ವಾಸನಾಳದ ಸಣ್ಣ ರೋಮಗಳನ್ನು ಆಗಲೇ ಹಾಳುಗೆಡವಿರುತ್ತದೆ; ಕೆಮ್ಮು ವಾರಗಟ್ಟಲೆ ಬಿಡದು. ಅಷ್ಟು ದಿನ ಕೂಸನ್ನು ಉಳಿಸಿಕೊಳ್ಳುವುದು ಕಾವಲಿರುವ ಕೈಗಳೇ.

ನರ್ಸಮ್ಮನ ಕೆಲಸ ನೋಡಬೇಕು. ಬೆಳಕು ಮಂದ, ಮಾತು ಮೆಲ್ಲಗೆ. ಬಟ್ಟೆ ಬದಲಾಯಿಸುವುದು, ತೂಕ, ಮದ್ದು ಎಲ್ಲ ಒಂದೇ ಸಲಕ್ಕೆ, ಯಾಕೆಂದರೆ ಮುಟ್ಟಿದಾಗಲೆಲ್ಲ ಕೆಮ್ಮು ಏಳಬಹುದು. ಪಾದಕ್ಕೆ ಆಕ್ಸಿಜನ್ ಅಳೆಯುವ ಕೆಂಪು ದೀಪ. ಕೈಗೆಟುಕುವಲ್ಲಿ ಸಕ್ಷನ್ ನಳಿಕೆ; ಅಗತ್ಯ ಬಿದ್ದರಷ್ಟೇ ಬಳಕೆ. ಕೆಮ್ಮು ಎಷ್ಟೊತ್ತಿಗೆ ಬಂತು, ಎಷ್ಟು ಹೊತ್ತಿತ್ತು, ಬಣ್ಣ ಏನಾಯಿತು, ತಾನಾಗಿಯೇ ಉಸಿರಾಡಿತೋ ಇಲ್ಲವೋ, ಪ್ರತಿಯೊಂದನ್ನೂ ಬರೆಯುತ್ತಾಳೆ. ಕೆಮ್ಮು ಇಳಿದ ಮೇಲೆಯೇ ಹಾಲು, ಸ್ವಲ್ಪ ಸ್ವಲ್ಪ, ಮತ್ತೆ ಮತ್ತೆ. ವಾಂತಿಯಾದರೆ ಮತ್ತೊಮ್ಮೆ. ಚೀಪಲು ತ್ರಾಣವಿಲ್ಲದಾಗ ತಾಯಿಯ ಹಾಲನ್ನೇ ಹಿಂಡಿ ಮೂಗಿನ ನಳಿಕೆಯಲ್ಲಿ. ಎಷ್ಟು ಸಲ ಉಚ್ಚೆ ಹೊಯ್ದಿತು ಎಂಬುದಕ್ಕೂ ಲೆಕ್ಕ.

ಈ ರೋಗಾಣುವನ್ನು 1906ರಲ್ಲಿ ಬ್ರಸೆಲ್ಸ್‌ನಲ್ಲಿ ಬೇರ್ಪಡಿಸಿ ತೋರಿಸಿದವರು ಜೂಲ್ಸ್ ಬೋರ್ಡೆ ಮತ್ತು ಆಕ್ಟೇವ್ ಜೆಂಗು. 1930ರ ದಶಕದಲ್ಲಿ ಅಮೆರಿಕದ ಗ್ರ್ಯಾಂಡ್ ರ್‍ಯಾಪಿಡ್ಸ್‌ನಲ್ಲಿ ಪರ್ಲ್ ಕೆಂಡ್ರಿಕ್, ಗ್ರೇಸ್ ಎಲ್ಡರಿಂಗ್ ಎಂಬಿಬ್ಬರು ಹೆಂಗಸರು ದಿನದ ಕೆಲಸ ಮುಗಿಸಿ, ಸೀಮೆಎಣ್ಣೆ ದೀಪದ ಬೆಳಕಲ್ಲಿ ಕೆಮ್ಮುವ ಮಕ್ಕಳ ಮನೆಮನೆ ಅಲೆದು ಲಸಿಕೆ ಕಟ್ಟಿದರು. ನಮ್ಮಲ್ಲಿ ಅದರ ಮೊದಲ ಡೋಸು ಆರನೇ ವಾರಕ್ಕೆ. ಈ ಕೂಸಿಗೆ ಒಂದೇ ವಾರ ಬಾಕಿಯಿತ್ತು. ಬಸುರಿಯರಿಗೆ ಸರ್ಕಾರ ಹಾಕಿಸುವ ಟಿಡಿ ಚುಚ್ಚುಮದ್ದಿನಲ್ಲಿ ನಾಯಿಕೆಮ್ಮಿನ ಅಂಶವಿಲ್ಲ. ಅದಿರುವ ಟಿಡ್ಯಾಪ್ ಎಲ್ಲ ಬಸುರಿಯರಿಗೂ ಸಿಗಬೇಕು ಎಂಬುದು ನನ್ನ ಗಟ್ಟಿ ಮಾತು.

ಮನೆಗೆ ಕಳಿಸುವಾಗ ನರ್ಸಮ್ಮ ತಾಯಿಗೆ ಹೇಳಿದ್ದು: "ಕೆಮ್ಮು ಇನ್ನೂ ಇರ್ತದಮ್ಮ, ಹೆದರಬ್ಯಾಡ್ರಿ. ನೀಲಿಯಾದ್ರೆ ಮಾತ್ರ ಒಂದು ಗಳಿಗಿ ತಡ ಮಾಡಬ್ಯಾಡ್ರಿ. ಸೂಜಿ ತಪ್ಪಿಸಬ್ಯಾಡ್ರಿ. ಮನ್ಯಾಗಿನವರೆಲ್ಲ ಮಾತ್ರೆ ನುಂಗ್ರಿ, ಮಡಕಶಿರದ ಚಿಕ್ಕಪ್ಪನಿಗೆ ಇವತ್ತೇ ಫೋನ್ ಮಾಡ್ರಿ."