ವೇಷವೂ ವೇತನವೂ

ನಟನೆಯ ವೃತ್ತಿಯಲ್ಲಿ ಕೀರ್ತಿಯು ಬರುವ ದಾರಿ ವಿಚಿತ್ರವಾದುದು. ವರ್ಷಗಟ್ಟಲೆ ಶ್ರಮಪಟ್ಟು ಸಾಧಿಸಿದ ಪಾತ್ರಗಳನ್ನು ಲೋಕವು ನಾಲ್ಕು ದಿನ ಹೊಗಳಿ ಮರೆತುಬಿಡುವುದುಂಟು. ಅರೆಮನಸ್ಸಿನಿಂದ ಒಪ್ಪಿಕೊಂಡ ಒಂದು ವೇಷವು ಆಯುಷ್ಯವನ್ನೆಲ್ಲ ನೆರಳಿನಂತೆ ಹಿಂಬಾಲಿಸುವುದೂ ಉಂಟು. ಇಂಗ್ಲೆಂಡಿನ ನಟಿ ಡಯಾನಾ ರಿಗ್ ೨೦೨೦ನೆಯ ಇಸವಿ ಸೆಪ್ಟೆಂಬರ್ ೧೦ನೆಯ ತಾರೀಖು ತನ್ನ ೮೨ನೆಯ ವಯಸ್ಸಿನಲ್ಲಿ ತೀರಿಕೊಂಡಾಗ ವೃತ್ತಪತ್ರಿಕೆಗಳು ಬಹುಮಟ್ಟಿಗೆ ಮೊದಲು ಸ್ಮರಿಸಿದುದು ಷೇಕ್ಸ್‌ಪಿಯರನ ಕಾರ್ಡೀಲಿಯಳನ್ನಲ್ಲ, ಯೂರಿಪಿಡೀಸನ ಮೆಡಿಯಳನ್ನೂ ಅಲ್ಲ. ಅರ್ಧ ಶತಮಾನಕ್ಕೂ ಹಿಂದೆ ಟೆಲಿವಿಷನ್ನಿನಲ್ಲಿ ಗಂಡಾಳುಗಳನ್ನು ನೆಲಕ್ಕೆ ಕೆಡಹುತ್ತಿದ್ದ ಎಮ್ಮಾ ಪೀಲ್ ಎಂಬ ಕಲ್ಪಿತ ಹೆಂಗಸನ್ನು. ಈ ವೇಷಕ್ಕೂ ಅದನ್ನು ಧರಿಸಿದವಳಿಗೂ ಇದ್ದ ಸಂಬಂಧವು ಬರಿಯ ರಂಜನೆಯ ವಿಷಯವಲ್ಲ. ಪರದೆಯ ಮೇಲೆ ಹೆಂಗಸಿಗೆ ದೊರೆತ ಮಾನವು ಪರದೆಯ ಹಿಂದೆ ಎಷ್ಟರಮಟ್ಟಿಗೆ ದೊರೆಯಿತು ಎಂಬ ಪ್ರಶ್ನೆಯು ಅದರಲ್ಲಿ ಅಡಗಿದೆ.

ಡಯಾನಾ ಹುಟ್ಟಿದುದು ೧೯೩೮ನೆಯ ಇಸವಿ ಜುಲೈ ೨೦ರಂದು, ಯಾರ್ಕ್‌ಷೈರ್ ಪ್ರಾಂತದ ಡಾನ್‌ಕಾಸ್ಟರ್ ಪಟ್ಟಣದಲ್ಲಿ. ತಂದೆ ಲೂಯಿ ರಿಗ್ ಬಿಕಾನೇರಿನಲ್ಲಿ ರೈಲ್ವೆಯ ಅಧಿಕಾರಿಯಾಗಿದ್ದನು. ಎರಡು ತಿಂಗಳ ಕೂಸಾಗಿರುವಾಗಲೇ ಆಕೆ ಆ ಮರಳುನಾಡಿಗೆ ಬಂದಳು. ಎಂಟನೆಯ ವಯಸ್ಸಿನವರೆಗೆ ಅಲ್ಲಿಯೇ ಬೆಳೆದಳು; ಇಂಗ್ಲಿಷಿನ ಜೊತೆಯಲ್ಲಿ ಹಿಂದಿಯೂ ಆಕೆಯ ಬಾಲ್ಯದ ಮಾತಾಗಿದ್ದಿತು. ಆಮೇಲೆ ಆ ಕಾಲದ ಆಂಗ್ಲ ಕುಟುಂಬಗಳ ಪದ್ಧತಿಯಂತೆ ಆಕೆಯನ್ನು ಸ್ವದೇಶಕ್ಕೆ ಕಳುಹಿಸಿ, ಪಡ್ಸಿ ಎಂಬ ಊರಿನ ಬಳಿ ಮೊರೇವಿಯನ್ ಪಂಥದವರು ನಡೆಸುತ್ತಿದ್ದ ಫುಲ್‌ನೆಕ್ ವಸತಿಶಾಲೆಗೆ ಸೇರಿಸಿದರು. ಬಿಸಿಲಿನ ನಾಡಿನಲ್ಲಿ ಹಾಯಾಗಿ ಓಡಾಡಿಕೊಂಡಿದ್ದ ಹುಡುಗಿಗೆ ಆ ಚಳಿಯೂ ಆ ಕಟ್ಟುಪಾಡೂ ಸಹ್ಯವಾಗಲಿಲ್ಲ; ನೀರಿನಿಂದ ಹೊರತೆಗೆದ ಮೀನಿನಂತಾಯಿತು ಆಕೆಯ ಸ್ಥಿತಿ. ಆದರೂ ತನ್ನ ಸ್ವಭಾವವನ್ನು ರೂಪಿಸಿದುದು ಭಾರತಕ್ಕಿಂತ ಹೆಚ್ಚಾಗಿ ಯಾರ್ಕ್‌ಷೈರೇ ಎಂದು ಆಕೆ ಮುಂದೆ ಭಾವಿಸಿದಳು. ಆ ಪ್ರಾಂತದ ಜನ ಮಾತನ್ನು ಸುತ್ತಿ ಬಳಸಿ ಆಡುವವರಲ್ಲವೆಂದು ಹೆಸರಾದವರು. ಆ ಗುಣವು ಆಕೆಯಲ್ಲಿ ಕೊನೆಯವರೆಗೂ ಉಳಿದುಬಂದಿತು.

೧೯೫೫ರಿಂದ ೧೯೫೭ರವರೆಗೆ ಆಕೆ ಲಂಡನ್ನಿನ ರಾಯಲ್ ಅಕಾಡೆಮಿ ಎಂಬ ನಾಟ್ಯಶಾಲೆಯಲ್ಲಿ ಶಿಕ್ಷಣ ಪಡೆದಳು. ಮುಂದೆ ಪ್ರಸಿದ್ಧಳಾದ ಗ್ಲೆಂಡಾ ಜ್ಯಾಕ್ಸನ್ ಅಲ್ಲಿ ಆಕೆಯ ಸಹಪಾಠಿಯಾಗಿದ್ದಳು. ೧೯೫೭ರಲ್ಲಿ ಯಾರ್ಕ್ ನಗರದ ಉತ್ಸವದಲ್ಲಿ ಬ್ರೆಖ್ಟನ ನಾಟಕವೊಂದರಲ್ಲಿ ಆಕೆ ಮೊದಲು ರಂಗವನ್ನೇರಿದಳು. ೧೯೫೯ರಲ್ಲಿ ಸ್ಟ್ರ್ಯಾಟ್‌ಫರ್ಡಿನ ಷೇಕ್ಸ್‌ಪಿಯರ್ ನಾಟಕಮಂಡಲಿಯನ್ನು ಸೇರಿ ಐದು ವರ್ಷ ದುಡಿದಳು. ೧೯೬೨ರಲ್ಲಿ ಪೀಟರ್ ಬ್ರುಕ್ ಪ್ರಯೋಗಿಸಿದ ‘ಕಿಂಗ್ ಲಿಯರ್’ ನಾಟಕದಲ್ಲಿ ಪಾಲ್ ಸ್ಕೋಫೀಲ್ಡ್ ಲಿಯರ್ ದೊರೆಯಾದರೆ, ಆಕೆ ಕಾರ್ಡೀಲಿಯಳಾದಳು. ಆ ತಂಡವು ೧೯೬೪ರಲ್ಲಿ ಯುರೋಪಿನ ಪೂರ್ವದೇಶಗಳಲ್ಲಿಯೂ ಅಮೆರಿಕದಲ್ಲಿಯೂ ಸಂಚರಿಸಿತು. ಇಂತಹ ಮಂಡಲಿಯಲ್ಲಿ ಪದ್ಯದ ಲಯ, ಧ್ವನಿಯ ಏರಿಳಿತ, ರಂಗದ ಮೇಲೆ ಸುಮ್ಮನೆ ನಿಲ್ಲುವ ಗಾಂಭೀರ್ಯ ಇವನ್ನು ಕಲಿತವಳಿಗೆ ಟೆಲಿವಿಷನ್ನಿನ ಸಾಹಸಕಥೆಯೊಂದು ಗುರಿಯಾಗಿರಲಿಲ್ಲವೆಂಬುದು ಸಹಜ. ಆ ಪಾತ್ರಕ್ಕೆ ಪರೀಕ್ಷೆ ಕೊಡಲು ಹೋದಾಗ ಆಕೆ ಆ ಕಥಾಮಾಲೆಯ ಒಂದು ಕಂತನ್ನೂ ನೋಡಿರಲಿಲ್ಲವಂತೆ.

ಆ ಮಾಲೆಯ ಹೆಸರು ‘ದಿ ಅವೆಂಜರ್ಸ್’. ೧೯೬೧ರಲ್ಲಿ ಆರಂಭವಾದಾಗ ಅದರಲ್ಲಿ ಪ್ರಧಾನರಾಗಿದ್ದವರು ಇಬ್ಬರು ಗಂಡಸರು: ಇಯಾನ್ ಹೆಂಡ್ರಿ ಅಭಿನಯಿಸಿದ ವೈದ್ಯನೊಬ್ಬ, ಪ್ಯಾಟ್ರಿಕ್ ಮ್ಯಾಕ್ನಿ ಅಭಿನಯಿಸಿದ ಜಾನ್ ಸ್ಟೀಡ್ ಎಂಬ ಗೂಢಚಾರ. ಹೆಂಡ್ರಿ ಬಿಟ್ಟುಹೋದ ಬಳಿಕ ೧೯೬೨ರಲ್ಲಿ ಆ ಸ್ಥಾನಕ್ಕೆ ಆನರ್ ಬ್ಲ್ಯಾಕ್‌ಮನ್ ಎಂಬ ನಟಿಯನ್ನು ತಂದರು. ಗಂಡಸಿಗೆಂದು ಮೊದಲೇ ಬರೆದಿಟ್ಟಿದ್ದ ಕೆಲವು ಕಥೆಗಳನ್ನು ಹೆಚ್ಚಾಗಿ ತಿದ್ದದೆಯೇ ಆಕೆಗೆ ಕೊಟ್ಟರು. ಇದರಿಂದ ಯಾರೂ ಮುನ್ನೆಣಿಸದಿದ್ದ ಫಲವೊಂದು ದೊರೆಯಿತು. ಅದುವರೆಗೆ ಇಂತಹ ಕಥೆಗಳಲ್ಲಿ ಹೆಂಗಸಿನ ಕೆಲಸವೆಂದರೆ ಹೆದರಿ ಚೀರುವುದು, ಕಳ್ಳರ ಕೈಗೆ ಸಿಕ್ಕುವುದು, ನಾಯಕನಿಂದ ಬಿಡುಗಡೆ ಹೊಂದುವುದು. ಗಂಡಸಿನ ಮಾತುಗಳನ್ನು ಆಡುತ್ತ, ಗಂಡಸಿನ ಕಾರ್ಯಗಳನ್ನು ಮಾಡುತ್ತ ಬಂದ ಈ ಹೊಸ ಪಾತ್ರವು ತಾನೇ ಯೋಚಿಸಿತು, ಜೂಡೋ ಪಟ್ಟುಗಳಿಂದ ತಾನೇ ಹೊಡೆದಾಡಿತು. ಸುಧಾರಕರ ಉಪದೇಶವು ಮಾಡದ ಕೆಲಸವನ್ನು ಬರವಣಿಗೆಗಾರರ ಅವಸರವು ಮಾಡಿದಂತಾಯಿತು.

ಬ್ಲ್ಯಾಕ್‌ಮನ್ ೧೯೬೪ರಲ್ಲಿ ಚಲಚ್ಚಿತ್ರಕ್ಕೆಂದು ಹೊರಟುಹೋದಳು. ಆಕೆಯ ತರುವಾಯ ಆರಿಸಿದ್ದ ಮತ್ತೊಬ್ಬ ನಟಿಯನ್ನು ಚಿತ್ರೀಕರಣದ ಆರಂಭದಲ್ಲಿಯೇ ಬಿಡಿಸಿ, ಡಯಾನಾಳನ್ನು ಕರೆದರು. ೧೯೬೫ರ ಅಕ್ಟೋಬರಿನಲ್ಲಿ ಆಕೆಯ ಎಮ್ಮಾ ಪೀಲ್ ಇಂಗ್ಲೆಂಡಿನ ಮನೆಗಳಲ್ಲಿ ಕಾಣಿಸಿಕೊಂಡಳು. ‘ಪುರುಷಾಕರ್ಷಣೆ’ ಎಂಬರ್ಥದ ಇಂಗ್ಲಿಷ್ ಮಾತೊಂದನ್ನು ಮೊಟಕುಮಾಡಿ ಆ ಹೆಸರನ್ನು ಕಟ್ಟಿದ್ದರು. ಹೆಸರಿಟ್ಟವರ ಎಣಿಕೆ ಏನೆಂಬುದು ಇದರಿಂದಲೇ ತಿಳಿಯುವುದು. ಆದರೆ ನಟಿಯು ಆ ಹೆಸರಿನೊಳಗೆ ಬೇರೊಂದು ವ್ಯಕ್ತಿಯನ್ನು ನಿಲ್ಲಿಸಿದಳು. ಎಮ್ಮಾ ವಿಜ್ಞಾನವನ್ನು ಬಲ್ಲವಳು. ಕಣ್ಮರೆಯಾದ ವಿಮಾನ ಚಾಲಕನೊಬ್ಬನ ಪತ್ನಿ. ತನ್ನ ಕಾರನ್ನು ತಾನೇ ವೇಗವಾಗಿ ನಡೆಸುವವಳು. ಕತ್ತಿಯ ವರಸೆಯಲ್ಲಿಯೂ ಕೈಕಾಳಗದಲ್ಲಿಯೂ ನುರಿತವಳು. ಹೊಡೆದಾಟದ ಕ್ರಮವನ್ನು ರೇ ಆಸ್ಟಿನ್ ಎಂಬ ಸಾಹಸಶಿಕ್ಷಕನು ಪೂರ್ವದೇಶಗಳ ಮಲ್ಲವಿದ್ಯೆಯನ್ನು ಬೆರಸಿ ಕಲಿಸಿದನು. ಅಪಾಯದ ನೆಗೆತಗಳಿಗೆ ಸಿಡ್ ಚೈಲ್ಡ್ ಎಂಬ ಧೈರ್ಯವಂತೆ ಬದಲಿಯಾಗಿ ನಿಲ್ಲುತ್ತಿದ್ದಳು. ಆದರೆ ಎದುರಾಳಿಯನ್ನು ಬೀಳಿಸಿದ ಮೇಲೆ ಹುಬ್ಬನ್ನೊಂದಿಷ್ಟು ಏರಿಸಿ, ಏನೂ ನಡೆಯದವಳಂತೆ ಒಂದು ಹಾಸ್ಯದ ಮಾತನ್ನಾಡುವ ಆ ಬೆಡಗನ್ನು ಯಾರೂ ಬದಲಿ ನಿಂತು ಕೊಡುವಂತಿರಲಿಲ್ಲ. ಅದು ಷೇಕ್ಸ್‌ಪಿಯರನ ಹರ್ಷನಾಟಕಗಳ ಚತುರ ನಾಯಿಕೆಯರಿಂದ ಕಲಿತುಬಂದುದು. ೧೯೬೬ರಲ್ಲಿ ಈ ಮಾಲೆಯನ್ನು ಅಮೆರಿಕದವರೂ ಕೊಂಡು ಪ್ರಸಾರಮಾಡಿದರು. ೧೯೬೭ರಲ್ಲಿ ಅದಕ್ಕೆ ಬಣ್ಣವೂ ಬಂದಿತು. ಒಟ್ಟು ೫೧ ಕಂತುಗಳಲ್ಲಿ ಆಕೆ ಕಾಣಿಸಿಕೊಂಡಳು.

ಇಷ್ಟಾದರೂ ತೆರೆಯ ಹಿಂದಿನ ಲೆಕ್ಕವು ಬೇರೆಯಾಗಿದ್ದಿತು. ಹನ್ನೆರಡರಷ್ಟು ಕಂತುಗಳಾದ ಬಳಿಕ, ತನ್ನ ಚಿತ್ರವನ್ನು ತೆಗೆಯುವ ಕ್ಯಾಮರಾದವನಿಗಿಂತಲೂ ತನ್ನ ಸಂಬಳ ಕಡಿಮೆಯೆಂಬುದು ಆಕೆಗೆ ತಿಳಿದುಬಂದಿತು. ಆಕೆ ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಕೊರಗಲಿಲ್ಲ. ಬಹಿರಂಗವಾಗಿ ಆಡಿದಳು, ಹೆಚ್ಚಿನ ಸಂಬಳ ಕೊಡದಿದ್ದರೆ ಮುಂದುವರಿಯುವುದಿಲ್ಲವೆಂದಳು. ಪತ್ರಿಕೆಗಳು ಆಕೆಯನ್ನು ಹಣದಾಸೆಯವಳೆಂದು ಚಿತ್ರಿಸಿದವು. ವೃತ್ತಿಯಲ್ಲಿದ್ದ ಹೆಂಗಸರಲ್ಲಿ ಒಬ್ಬಳಾದರೂ ತನ್ನ ಪರವಾಗಿ ಬಾಯಿಬಿಡಲಿಲ್ಲವೆಂದು ಆಕೆ ವೃದ್ಧಾಪ್ಯದಲ್ಲಿ ನೆನೆದಳು. ಕೊನೆಗೆ ಸಂಬಳವೇನೋ ಏರಿತು. ಆದರೆ ತನಗಿಂತ ಹೆಚ್ಚು ಪಡೆಯುತ್ತಿದ್ದವನನ್ನು ಆಕೆ ಹಳಿಯಲಿಲ್ಲವೆಂಬುದನ್ನೂ, ತನ್ನ ಕೆಲಸದ ಬೆಲೆಯನ್ನು ಮಾತ್ರ ಕೇಳಿದಳೆಂಬುದನ್ನೂ ಗಮನಿಸಬೇಕು.

ಈ ಜಗಳದ ಕಾಲವನ್ನು ಲಕ್ಷ್ಯಕ್ಕೆ ತಂದುಕೊಂಡರೆ ಅದರ ತೂಕ ಗೊತ್ತಾಗುವುದು. ಡ್ಯಾಗನ್‌ಹ್ಯಾಮಿನ ಫೋರ್ಡ್ ಕಾರ್ಖಾನೆಯಲ್ಲಿ ಹೊಲಿಗೆಯ ಯಂತ್ರ ನಡೆಸುತ್ತಿದ್ದ ಹೆಂಗಸರು ವೇತನದ ಅನ್ಯಾಯವನ್ನು ಪ್ರತಿಭಟಿಸಿ ಮುಷ್ಕರ ಹೂಡಿದುದು ೧೯೬೮ರಲ್ಲಿ. ಸಮಾನವಾದ ಕೆಲಸಕ್ಕೆ ಸಮಾನವಾದ ವೇತನವೆಂಬ ಕಾನೂನು ಬ್ರಿಟನ್ನಿನಲ್ಲಿ ಅಂಗೀಕೃತವಾದುದು ೧೯೭೦ರಲ್ಲಿ. ಅದು ಜಾರಿಗೆ ಬಂದುದು ೧೯೭೫ರ ಕೊನೆಯಲ್ಲಿ. ಕಾರ್ಖಾನೆಯ ಹೆಂಗಸರಿಗೆ ಸಂಘದ ಬೆಂಬಲವಿದ್ದಿತು. ಒಬ್ಬರ ಕೈಯನ್ನು ಮತ್ತೊಬ್ಬರು ಹಿಡಿಯಬಹುದಾಗಿದ್ದಿತು. ನಟಿಯು ಒಂಟಿ. ಹೊರಗಿನವರ ಕಣ್ಣಿಗೆ ಆಕೆ ಭಾಗ್ಯವಂತೆ. ಭಾಗ್ಯವಂತೆಯು ಸಂಬಳದ ಮಾತೆತ್ತಿದರೆ ಅದು ದುರಾಸೆಯೆನ್ನಿಸುವುದು. ಬಡವಳು ಕೇಳಿದರೆ ಉದ್ಧಟತನ, ಬಲ್ಲಿದಳು ಕೇಳಿದರೆ ಅತ್ಯಾಶೆ ಎಂದಾದರೆ, ಹೆಂಗಸು ತನ್ನ ದುಡಿಮೆಯ ಬೆಲೆಯನ್ನು ಕೇಳುವುದಕ್ಕೆ ಸಕಾಲವೆಂಬುದು ಯಾವುದು?

ಕೀರ್ತಿಯೂ ಆಕೆಗೆ ಸುಖಕೊಡಲಿಲ್ಲ. ಬೀದಿಯಲ್ಲಿ ಜನ ಮುತ್ತಿದರೆ ಆಕೆ ಅಡಗಿಕೊಳ್ಳುವಂತಾಗುತ್ತಿದ್ದಿತು. ರಾಶಿರಾಶಿಯಾಗಿ ಬರುತ್ತಿದ್ದ ಅಭಿಮಾನಿಗಳ ಕಾಗದಗಳಿಗೆ ಆಕೆಯ ತಾಯಿಯೇ ಉತ್ತರ ಬರೆಯುತ್ತಿದ್ದಳು. ಪ್ರೇಮಪತ್ರ ಬರೆದ ಹುಡುಗರಿಗೆ, ತನ್ನ ಮಗಳು ಅವರಿಗೆ ತೀರ ಹಿರಿಯಳೆಂದೂ, ಬೀದಿಯನ್ನೊಮ್ಮೆ ಚೆನ್ನಾಗಿ ಓಡಿ ಸುತ್ತಿಬಂದರೆ ಆ ತಾಪವು ಇಳಿಯುವುದೆಂದೂ ಆ ತಾಯಿ ಬುದ್ಧಿ ಹೇಳುತ್ತಿದ್ದಳೆಂಬುದು ಡಯಾನಾ ನಗುತ್ತ ಹೇಳುತ್ತಿದ್ದ ಕಥೆ. ಇದೇ ಕಾಲದಲ್ಲಿ, ೧೯೬೬ರಲ್ಲಿ, ಆಕೆ ಸ್ಟ್ರ್ಯಾಟ್‌ಫರ್ಡಿಗೆ ಮರಳಿ ‘ಟ್ವೆಲ್ಫ್ತ್ ನೈಟ್’ ನಾಟಕದ ವಯೋಲಳಾಗಿ ಅಭಿನಯಿಸಿದಳು. ಮನಸ್ಸು ಎಲ್ಲಿತ್ತೆಂಬುದಕ್ಕೆ ಇದೇ ಸಾಕ್ಷಿ. ೧೯೬೮ರಲ್ಲಿ ಮಾಲೆಯಿಂದ ಬಿಡುಗಡೆ ಹೊಂದಿದಳು. ಕಥೆಯಲ್ಲಿ ಕಣ್ಮರೆಯಾಗಿದ್ದ ಪತಿಯು ಕಾಡಿನಿಂದ ಹಿಂದಿರುಗಿ ಬಂದನು. ಎಮ್ಮಾ ಸ್ಟೀಡನನ್ನು ಬೀಳ್ಕೊಂಡು ಮೆಟ್ಟಿಲಿಳಿಯುತ್ತ, ಎದುರಿಗೆ ಬಂದ ಹೊಸ ಹುಡುಗಿಗೆ ಆತನ ಚಹವನ್ನು ಹೇಗೆ ಕದಡಬೇಕೆಂಬ ಗುಟ್ಟನ್ನು ಹೇಳಿ ಹೊರಟುಹೋದಳು. ೧೯೬೯ರಲ್ಲಿ ಜೇಮ್ಸ್ ಬಾಂಡನ ಚಿತ್ರವೊಂದರಲ್ಲಿ ಆಕೆ ಅವನನ್ನು ವಿವಾಹವಾಗಿ, ಮದುವೆಯ ದಿನವೇ ಗುಂಡಿಗೆ ಬಲಿಯಾಗುವ ನಾಯಿಕೆಯಾದಳು. ಸಾಹಸಕಥೆಗಳ ಮಾರ್ಗದಲ್ಲಿಯೇ ನಡೆದಿದ್ದರೆ ಹಣಕ್ಕೆ ಕೊರತೆಯಿರಲಾರದು. ಆಕೆ ನಡೆದುದು ಪುನಃ ರಂಗಭೂಮಿಯ ಕಡೆಗೆ.

ಅಲ್ಲಿ ಹೂವಿನ ಹಾಸಿಗೆಯೇನೂ ಕಾದಿರಲಿಲ್ಲ. ಮಧ್ಯಯುಗದ ಪ್ರೇಮಿಗಳಾದ ಅಬೆಲಾರ್ಡ್ ಮತ್ತು ಹೆಲೋಯಿಸರ ಕಥೆಯ ನಾಟಕದಲ್ಲಿ, ೧೯೭೦ರಲ್ಲಿ ಲಂಡನ್ನಿನಲ್ಲಿಯೂ ಮರುವರ್ಷ ನ್ಯೂಯಾರ್ಕಿನಲ್ಲಿಯೂ, ಆಕೆ ಅಭಿನಯಿಸಿದಳು. ಅದರಲ್ಲಿ ನಗ್ನವಾಗಿ ಕಾಣಿಸಿಕೊಳ್ಳುವ ದೃಶ್ಯವೊಂದಿದ್ದಿತು. ನ್ಯೂಯಾರ್ಕಿನ ಜಾನ್ ಸೈಮನ್ ಎಂಬ ವಿಮರ್ಶಕನು ಆಕೆಯ ಅಭಿನಯವನ್ನು ಬಿಟ್ಟು ಮೈಕಟ್ಟನ್ನು ಇಟ್ಟಿಗೆಯ ಗೋರಿಕಟ್ಟಡಕ್ಕೆ ಹೋಲಿಸಿ ಹಾಸ್ಯಮಾಡಿದನು. ಎಂತಹ ಗಟ್ಟಿ ಮನಸ್ಸಿನವರನ್ನಾದರೂ ಕುಗ್ಗಿಸುವ ಮಾತು ಅದು. ಡಯಾನಾ ಕೋರ್ಟಿಗೆ ಹೋಗಲಿಲ್ಲ, ಉತ್ತರದ ಲೇಖನವನ್ನೂ ಬರೆಯಲಿಲ್ಲ. ತನ್ನ ಸಹನಟರಿಗೆಲ್ಲ ಕಾಗದ ಬರೆದು, ಅವರವರ ಬಾಳಿನಲ್ಲಿ ಬಂದ ಅತಿ ಕೆಟ್ಟ ವಿಮರ್ಶೆಯನ್ನು ಕಳುಹಿಸಿರೆಂದು ಕೇಳಿದಳು. ದೊಡ್ಡ ದೊಡ್ಡ ನಟರೂ ಸಂಕೋಚವಿಲ್ಲದೆ ಕಳುಹಿಸಿದರು. ಅವನ್ನೆಲ್ಲ ಹಿಂದಿನ ಶತಮಾನಗಳ ನಿಂದೆಗಳೊಡನೆ ಸೇರಿಸಿ ೧೯೮೨ರಲ್ಲಿ ‘ನೋ ಟರ್ನ್ ಅನ್‌ಸ್ಟೋನ್ಡ್’ ಎಂಬ ಪುಸ್ತಕವನ್ನು ಹೊರತಂದಳು. ತನಗೆ ಬಂದ ಬೈಗುಳಕ್ಕೂ ಅದರಲ್ಲಿ ಎಡೆಗೊಟ್ಟಳು. ಒಬ್ಬಳ ಮೇಲೆ ಬಿದ್ದ ಕಲ್ಲು ಹೀಗೆ ಇಡಿಯ ವೃತ್ತಿಯ ನಗೆಯಾಗಿ ಮಾರ್ಪಟ್ಟಿತು. ಸಂಬಳದ ವಿಷಯದಲ್ಲಿ ಒಂಟಿಯಾಗಿ ನಿಂತವಳು ಅವಮಾನದ ವಿಷಯದಲ್ಲಿ ಜೊತೆಗಾರರನ್ನು ತಾನೇ ಕೂಡಿಸಿಕೊಂಡಳು.

ಮುಂದಿನ ವರ್ಷಗಳು ಫಲದ ವರ್ಷಗಳು. ೧೯೭೨ರಲ್ಲಿ ಲಾರೆನ್ಸ್ ಒಲಿವಿಯರನ ನೇತೃತ್ವದ ನ್ಯಾಷನಲ್ ಥಿಯೇಟರನ್ನು ಸೇರಿ ಲೇಡಿ ಮ್ಯಾಕ್‌ಬೆತ್ ಆದಳು; ಮೋಲಿಯೇರನ ನಾಟಕದಲ್ಲಿಯೂ ಹೆಸರು ಗಳಿಸಿದಳು. ೧೯೮೯ರ ‘ಮದರ್ ಲವ್’ ಎಂಬ ಟೆಲಿವಿಷನ್ ಕಥೆಯಲ್ಲಿ ಮಗನ ಮೇಲಿನ ಮೋಹದಿಂದ ಕೊಲೆಗೂ ಹೇಸದ ತಾಯಿಯಾಗಿ ಅಭಿನಯಿಸಿ ಬ್ರಿಟಿಷ್ ಅಕಾಡೆಮಿಯ ಬಹುಮಾನವನ್ನು ಪಡೆದಳು. ೧೯೯೨ರಲ್ಲಿ ಲಂಡನ್ನಿನ ಅಲ್ಮೀಡಾ ರಂಗಮಂದಿರದಲ್ಲಿ ಮೆಡಿಯಳ ಪಾತ್ರವನ್ನು ಕೈಕೊಂಡಳು. ಗಂಡನ ದ್ರೋಹಕ್ಕೆ ಪ್ರತಿಯಾಗಿ ಹೆತ್ತ ಮಕ್ಕಳನ್ನೇ ಕೊಲ್ಲುವ ಆ ಘೋರನಾಯಿಕೆಗೆ ಐವತ್ತು ದಾಟಿದ ಆಕೆಯ ಧ್ವನಿ ತಕ್ಕುದಾಗಿದ್ದಿತು. ಅದೇ ನಾಟಕಕ್ಕಾಗಿ ೧೯೯೪ರಲ್ಲಿ ನ್ಯೂಯಾರ್ಕಿನ ಟೋನಿ ಪ್ರಶಸ್ತಿ ಬಂದಿತು. ಆ ವರ್ಷವೇ ಬ್ರಿಟಿಷ್ ಸರಕಾರದ ‘ಡೇಮ್’ ಪದವಿಯೂ ಲಭಿಸಿತು. ೧೯೯೮ರಿಂದ ಹತ್ತು ವರ್ಷ ಸ್ಟರ್ಲಿಂಗ್ ವಿಶ್ವವಿದ್ಯಾನಿಲಯದ ಚಾನ್ಸೆಲರ್ ಆಗಿದ್ದಳು. ಎರಡು ಮದುವೆಗಳು ಮುರಿದುಬಿದ್ದರೂ ೧೯೭೭ರಲ್ಲಿ ಹುಟ್ಟಿದ ಮಗಳು ರೇಚಲ್ ತಾಯಿಯ ಹಾದಿಯಲ್ಲಿಯೇ ನಟಿಯಾದಳು. ೨೦೧೩ರಲ್ಲಿ ‘ಡಾಕ್ಟರ್ ಹೂ’ ಮಾಲೆಯ ಒಂದು ಕಂತಿನಲ್ಲಿ ತಾಯಿಮಗಳು ತಾಯಿಮಗಳಾಗಿಯೇ ಅಭಿನಯಿಸಿದರು.

ಎಪ್ಪತ್ತನ್ನು ಮೀರಿದ ಮೇಲೆ ಹೊಸ ತಲೆಮಾರೊಂದು ಆಕೆಯನ್ನು ಕಂಡುಕೊಂಡಿತು. ‘ಗೇಮ್ ಆಫ್ ಥ್ರೋನ್ಸ್’ ಎಂಬ ಮಾಲೆಯಲ್ಲಿ ೨೦೧೩ರಿಂದ ೨೦೧೭ರವರೆಗೆ ಆಕೆ ಒಲೆನ್ನಾ ಟೈರೆಲ್ ಎಂಬ ಮುದುಕಿಯ ಪಾತ್ರವನ್ನು ವಹಿಸಿದಳು. ಈ ಪಾತ್ರಕ್ಕೆ ಹೊಡೆದಾಟವಿಲ್ಲ, ಓಟವಿಲ್ಲ. ಕುಳಿತ ಆಸನದಿಂದ ಏಳುವುದೂ ಅಪರೂಪ. ನಾಲಗೆಯೇ ಆಯುಧ. ಕೊನೆಯ ದೃಶ್ಯದಲ್ಲಿ ಸೋತ ಮುದುಕಿ ವಿಷವನ್ನು ನಿರ್ಭಯವಾಗಿ ಕುಡಿದು, ಆಮೇಲೆ ಗೆದ್ದವನಿಗೆ ಒಂದು ರಹಸ್ಯವನ್ನು ಹೇಳಿ, ಅವನ ಗೆಲುವನ್ನೇ ಕಹಿಮಾಡಿ ಸಾಯುವಳು. ಎಮ್ಮಾ ಪೀಲಳ ಅಭಿನಯದಲ್ಲಿ ನಿಜವಾದ ಸಾಹಸವು ಕೈಕಾಲುಗಳಲ್ಲಿರದೆ, ಎದುರಾಳಿಗೆ ಎಂದೂ ಹೆದರದ ಆ ನೋಟದಲ್ಲಿಯೂ ಮಾತಿನಲ್ಲಿಯೂ ಇದ್ದಿತೆಂಬುದು ಈ ಮುದುಕಿಯನ್ನು ಕಂಡಾಗ ಸ್ಪಷ್ಟವಾಗುವುದು.

ಕ್ಯಾನ್ಸರ್ ರೋಗದಿಂದ ಆಕೆ ತೀರಿಕೊಂಡ ಬಳಿಕ, ೨೦೨೦ರ ಡಿಸೆಂಬರಿನಲ್ಲಿ ‘ಬ್ಲ್ಯಾಕ್ ನಾರ್ಸಿಸಸ್’ ಎಂಬ ಕಥೆ ಪ್ರಸಾರವಾಯಿತು. ಹಿಮಾಲಯದ ಒಂದು ಸಂನ್ಯಾಸಿನೀ ಮಠದ ಆ ಕಥೆಯಲ್ಲಿ ಆಕೆ ಮಠಮಾತೆಯಾಗಿದ್ದಳು. ಮರಳುನಾಡಿನಲ್ಲಿ ಹಿಂದಿ ಕಲಿತ ಹುಡುಗಿಯ ಕಡೆಯ ವೇಷಗಳಲ್ಲೊಂದು ಹೀಗೆ ಭಾರತದ ಕಥೆಗೇ ಸೇರಿತು.

ಎಮ್ಮಾ ಪೀಲಳು ಹೆಂಗಸಿಗೆ ಸ್ವಾತಂತ್ರ್ಯ ತಂದಳೆಂದು ಕೆಲವರು ಹೊಗಳುವರು. ಬಿಗಿಯುಡುಪಿನ ಪ್ರದರ್ಶನವೇ ಅದರ ತಿರುಳೆಂದು ಕೆಲವರು ಜರೆಯುವರು. ಎರಡರಲ್ಲಿಯೂ ಸತ್ಯಾಂಶವುಂಟು. ಮಾರುವವರು ಮಾರಿದುದು ಆಕರ್ಷಣೆಯನ್ನು. ಮನೆಯಲ್ಲಿ ಕುಳಿತು ನೋಡಿದ ಹುಡುಗಿಯರಲ್ಲಿ ಅನೇಕರು ಕಂಡುದು ಧೈರ್ಯವನ್ನು. ಆದರೆ ಬರೆದುಕೊಟ್ಟ ಕಥೆಯಲ್ಲಿ ಜಯವು ಮೊದಲೇ ನಿಶ್ಚಿತವಾಗಿರುವುದು. ಎದುರಾಳಿಯು ಬೀಳುವುದಕ್ಕೆಂದೇ ಸಂಬಳ ಪಡೆದಿರುವನು. ಲೆಕ್ಕದ ಕೋಣೆಯಲ್ಲಿ ಬೀಳುವುದಕ್ಕೆ ಒಪ್ಪಿದ ಎದುರಾಳಿಯಿಲ್ಲ, ಬದಲಿಯಾಗಿ ನೆಗೆಯುವವರೂ ಇಲ್ಲ. ಆ ಕೋಣೆಯೊಳಕ್ಕೆ ಇಪ್ಪತ್ತೇಳು ಇಪ್ಪತ್ತೆಂಟರ ವಯಸ್ಸಿನಲ್ಲಿ ಒಬ್ಬಳೇ ನಡೆದುಹೋಗಿ, ತನ್ನ ದುಡಿಮೆಯ ಬೆಲೆಯನ್ನು ಕೇಳಿ, ಅಪಕೀರ್ತಿಯನ್ನು ಹೊತ್ತು ಹೊರಬಂದವಳ ಸಾಹಸವು ೫೧ ಕಂತುಗಳಲ್ಲಿ ಎಲ್ಲಿಯೂ ಚಿತ್ರಿತವಾಗಿಲ್ಲ. ಆಕೆಯ ಬಾಳನ್ನು ಓದುವವರು ಅದನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳುವುದು ನ್ಯಾಯ.