ಮಣ್ಣೆತ್ತಿನ ಜೋಡಿ

ವರ್ಗವಾಗಿ ಮೈಸೂರಿನಿಂದ ಧಾರವಾಡಕ್ಕೆ ನಾವು ಬಂದುದು 2014ರ ಮೇ ತಿಂಗಳ ಕೊನೆಯಲ್ಲಿ. ಸಾಮಾನು ಬಿಚ್ಚುವುದಕ್ಕೆ ಮೊದಲೇ ಮಗಳನ್ನು ಮನೆಯ ಬಳಿಯ ಸರಕಾರಿ ಕನ್ನಡ ಶಾಲೆಯ ಮೂರನೆಯ ತರಗತಿಗೆ ಸೇರಿಸಿದೆವು. ಬಂಧುಗಳಲ್ಲಿ ಕೆಲವರು ಮೂಗು ಮುರಿದರು. ಕನ್ನಡದಲ್ಲಿ ಓದುವ ಮಗುವಿಗೆ ಕನ್ನಡದ ಊರಿನಲ್ಲಿ ಏನು ತೊಡಕು ಬಂದೀತೆಂದು ನಾವು ನಿಶ್ಚಿಂತರಾಗಿದ್ದೆವು. ನಮ್ಮ ಮಾತೇ ಶುದ್ಧವಾದುದೆಂಬ ಸಣ್ಣದೊಂದು ಹೆಮ್ಮೆಯೂ ಒಳಗೆ ಇದ್ದಿತೆಂಬುದನ್ನು ಮುಚ್ಚಿಡಲಾರೆವು.

ತೊಡಕು ಬಂದುದು ಈರುಳ್ಳಿಯಿಂದ. ಮೊದಲ ವಾರದಲ್ಲೊಂದು ದಿನ ಬಿಸಿಯೂಟದ ಹೊತ್ತಿನಲ್ಲಿ, ಸಾರಿನೊಳಗಿನ ಈರುಳ್ಳಿ ತನಗೆ ಬೇಡವೆಂದಳಂತೆ. ಪಂಕ್ತಿಯಲ್ಲಿದ್ದ ಮಕ್ಕಳೆಲ್ಲ ಗೊಳ್ಳೆಂದು ನಕ್ಕರಂತೆ. ಇಲ್ಲಿ ಅದು ಉಳ್ಳಾಗಡ್ಡಿ. ಕಡಲೆಕಾಯಿ ಶೇಂಗಾ, ಮೊಟ್ಟೆ ತತ್ತಿ, ಶಾಲೆಯೇ ಸಾಲಿ. ಆ ನಗೆಯಲ್ಲಿ ದ್ವೇಷವಿರಲಿಲ್ಲವೆಂದು ಈಗ ಬಲ್ಲೆವು. ಎಂಟು ವರ್ಷದ ಮಗು ಅದನ್ನು ಹೇಗೆ ಬಲ್ಲುದು? ಮರುದಿನದಿಂದ ಅವಳು ಶಾಲೆಯಲ್ಲಿ ಬಾಯಿ ತೆರೆಯಲಿಲ್ಲ. ಹಾಜರಿಗೆ ಕೈಯೆತ್ತುವುದು, ಅಷ್ಟೆ. ಮನೆಯಲ್ಲಿಯೂ ಮಾತು ಕಡಮೆಯಾಯಿತು. ರಾತ್ರಿ ನಿದ್ದೆಯಲ್ಲಿ ಅಜ್ಜಿಯನ್ನು ಕರೆಯುತ್ತಿದ್ದಳು. ಕಡೆಗೆ ಅವಳನ್ನು ಮೈಸೂರಿಗೆ ಅಜ್ಜಿಯ ಬಳಿಗೇ ಕಳುಹಿಸಿಬಿಡುವುದೆಂದು ನಾವಿಬ್ಬರೂ ನಿಶ್ಚಯಿಸಿ, ರೈಲಿನ ಟಿಕೆಟ್ಟನ್ನೂ ತೆಗೆದೆವು. ಆ ರಾತ್ರಿ ನಮ್ಮಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ.

ಹೆಸರು ತೆಗೆಸಲೆಂದು ಶಾಲೆಗೆ ಹೋದ ದಿನ, ಮಣ್ಣೆತ್ತಿನ ಅಮಾವಾಸ್ಯೆಯ ಹಿಂದಿನ ದಿನ. ನಮ್ಮ ಮನೆಯಲ್ಲಿ ಈ ಹಬ್ಬವನ್ನು ಅರಿತವರಿಲ್ಲ. ಜ್ಯೇಷ್ಠದ ಅಮಾವಾಸ್ಯೆಯಂದು ಈ ಕಡೆಯವರು ಹಸಿಮಣ್ಣಿನಿಂದ ಎತ್ತಿನ ಜೋಡಿಯನ್ನೂ ಅವಕ್ಕೆ ಮೇಯಲು ಗೋದಲಿಯನ್ನೂ ಮಾಡಿ ಪೂಜಿಸುವರು. ಬಿತ್ತನೆಯ ಕಾಲದಲ್ಲಿ ದುಡಿಯುವ ಎತ್ತಿಗೆ ಸಲ್ಲುವ ಮರ್ಯಾದೆ ಅದು. ಶಾಲೆಯ ಜಗಲಿಯ ತುಂಬ ಮಕ್ಕಳು. ನಡುವೆ ಎರೆಮಣ್ಣಿನ ರಾಶಿ. ಕಂಬದ ಮರೆಯಲ್ಲಿ ನಮ್ಮ ಮಗಳು ಬರಿಗೈಯಲ್ಲಿ ನಿಂತಿದ್ದಳು.

ಬಿಸಿಯೂಟ ಮಾಡುವ ಅವ್ವ ಸೆರಗಿಗೆ ಕೈಯೊರಸಿಕೊಳ್ಳುತ್ತ ಬಂದರು. “ನಿಮ್ಮೂರಾಗ ಎತ್ತು ಮಾಡೂದಿಲ್ಲೇನವಾ?” ಎಂದು ಕೇಳಿದರು. ಮಗಳು ಇಲ್ಲವೆಂದು ತಲೆಯಾಡಿಸಿದಳು. “ಹಂಗಾರ ನಾ ಕಲಿಸ್ತೀನಿ ಬಾ. ನೀ ನನಗ ನಿಮ್ಮೂರ ಮಾತು ಕಲಿಸು.”

ಒಬ್ಬ ಹುಡುಗ ತನ್ನ ಪಾಲಿನ ಮಣ್ಣಿನಲ್ಲಿ ಅರ್ಧವನ್ನು ಮುರಿದು ಅವಳ ಮುಂದಿಟ್ಟನು. ನಕ್ಕವರಲ್ಲಿ ಇವನೇ ಮೊದಲಿಗನೆಂದು ಆಮೇಲೆ ತಿಳಿಯಿತು. ಅವಳ ಎತ್ತಿಗೆ ಕೊಂಬು ನಿಲ್ಲಲೊಲ್ಲದು. ಹುಡುಗನು ಕಡ್ಡಿಯ ಚೂರನ್ನು ಚುಚ್ಚಿ, ಅದರ ಮೇಲೆ ಮಣ್ಣು ಮೆತ್ತಿ ತೋರಿಸಿದನು. ಸ್ವಲ್ಪ ಹೊತ್ತು ಅದನ್ನೇ ನೋಡಿ, “ಇದಕ್ಕೆ ಬಾಲ ಬೇಡ್ವಾ?” ಎಂದಳು. ಹೆಚ್ಚುಕಡಮೆ ಮೂರು ವಾರಗಳ ಮೇಲೆ ಆ ಶಾಲೆಯಲ್ಲಿ ಅವಳಾಡಿದ ಮೊದಲ ಮಾತು. ಯಾರೂ ನಗಲಿಲ್ಲ. ಬಾಲಕ್ಕೆ ಮಣ್ಣು ಸಾಲದೆಂಬುದೇ ಅಲ್ಲಿ ಎಲ್ಲರ ಚಿಂತೆಯಾಗಿದ್ದಿತು.

ಬಂದ ಕೆಲಸವನ್ನು ಹೇಳಲಾರದೆ ನಿಂತೆವು. ಅಕ್ಕೋರು ನಮ್ಮ ಮುಖವನ್ನು ನೋಡಿಯೇ ಅರಿತರೆಂದು ತೋರುತ್ತದೆ. “ಪಂಚಮಿತನಾ ತಡೀರಿ. ಆಮ್ಯಾಲೆ ಆಕಿನ್ನ ಕೇಳೂಣು” ಎಂದರು. ಟಿಕೆಟ್ಟನ್ನು ರದ್ದುಪಡಿಸಿದೆವು, ಮುರಿದುಕೊಂಡ ಹಣಕ್ಕಾಗಿ ದುಃಖವಾಗಲಿಲ್ಲ.

ಹಬ್ಬ ಕಳೆದ ಮೇಲೆ ಅಕ್ಕೋರು ದಿನವೂ ಹಲಗೆಯ ಮೇಲೆ ಒಂದು ಗೆರೆಯೆಳೆದು, ಒಂದು ಬದಿಗೆ ಧಾರವಾಡದ ಮಾತನ್ನೂ ಇನ್ನೊಂದು ಬದಿಗೆ ಮೈಸೂರಿನ ಮಾತನ್ನೂ ಬರೆಯಿಸತೊಡಗಿದರು. ಮೈಸೂರಿನ ಬದಿಗೆ ನಮ್ಮ ಮಗಳೇ ಪಂಡಿತೆ. ಇಲ್ಲಿ ಒಂದು ಮಾತು ನೆನಪಾಗುತ್ತದೆ. ಈ ಸೀಮೆ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿ ಮರಾಠಿಯ ಪ್ರಾಬಲ್ಯದ ನಡುವೆ ಕನ್ನಡ ಶಾಲೆಗಳಿಗಾಗಿ ಡೆಪ್ಯುಟಿ ಚನ್ನಬಸಪ್ಪನವರು ಎಷ್ಟು ಶ್ರಮಿಸಿದರು! ಕರ್ನಾಟಕ ವಿದ್ಯಾವರ್ಧಕ ಸಂಘವು 1890ರಲ್ಲಿ ಹುಟ್ಟಿದುದು ಇದೇ ಊರಿನಲ್ಲಿ. ಅಂಥಲ್ಲಿಗೆ ನಾವು ಶುದ್ಧ ಕನ್ನಡವನ್ನು ಹೊತ್ತು ತಂದೆವೆಂದುಕೊಂಡಿದ್ದೆವು.

ಶ್ರಾವಣ ಬಂದಿತು. ನಾಗರ ಪಂಚಮಿಗೆ ಸಹಪಾಠಿಗಳ ತಾಯಂದಿರು ಡಬ್ಬಿಗಳಲ್ಲಿ ಉಂಡಿ ಕಳುಹಿಸಿದರು. ಓಣಿಯ ಬೇವಿನ ಮರದ ಜೋಕಾಲಿಯಿಂದ ಮಗಳನ್ನು ಇಳಿಸಿ ಕರೆತರುವುದೇ ಕಷ್ಟವಾಯಿತು. ಅಂದು ರಾತ್ರಿ, ಅಕ್ಕೋರ ಮಾತಿನಂತೆ ಅವಳನ್ನೇ ಕೇಳಿದೆವು: ಮೈಸೂರಿಗೆ ಅಜ್ಜಿಯ ಮನೆಗೆ ಹೋಗಿ ಅಲ್ಲಿಯೇ ಓದುವೆಯಾ?

“ಯಾಕ? ನಾಳೆ ಸಾಲಿ ಐತಲ್ಲ!” ಎಂದು ಮಗ್ಗುಲು ತಿರುಗಿ ಮಲಗಿದಳು.